ಹಾಜರಿ

ವರ್ಷಕ್ಕೊಮ್ಮೆ ಬರ್ತಿದ್ಲು ಹೌ ಬಾಯಿ
ನವೀ ಪೇಟದಿಂದ ನಮ್ಮ ಚೌಕಿತನಕ ನಡಕೋತ,
ಮಡಚಿದ ಛತ್ರಿಯೊಳಗ ಸುರುಳಿ ಸುತ್ತಿದ ಕಾಗದ,
ಎರಡು ಫೋಟೋ.
ಸೊಲ್ಲಾಪುರದಾಗ ಪರದೇಶದವರ ರಜಿಸ್ಟರ್ ಅಂದ್ರ ನನ್ನ ಟೇಬಲ್ಲು.
ಹೆಸರು. ಗಂಡನ ಹೆಸರು. ಹುಟ್ಟಿದ ಊರು:
ಅದನ್ನ ವರ್ಷಾ ಒಂದೊಂದು ಥರಾ ಬರೀತಿದ್ದೆ,
ಆಕಿ ಒಮ್ಮೆನೂ ತಪ್ಪು ಅನ್ನಲಿಲ್ಲ.
ಕಡೀ ಕಾಲಂ, ಷರಾ.
ಅಲ್ಲಿ ‘ಹಾಜರ್’ ಅಂತ ಬರದು ಠಸ್ಸೆ ಹೊಡೀತಿದ್ದೆ.

ಗಂಡ ಹಲ್ಲಿನ ಡಾಕ್ಟರ್. ಡಿಗ್ರಿ ಇರಲಿಲ್ಲ, ಕೈಗುಣ ಇತ್ತು.
ಬೋರ್ಡಿನ ಮ್ಯಾಲ ಕೆಂಪು ವಸಡು, ಬಿಳೀ ಹಲ್ಲು,
ನಗೋ ಬಾಯಿಗೆ ಮುಖಾನೇ ಇಲ್ಲ.
ಮಿಲ್ಲಿನ ಭೋಂಗಾ ಹೊಡೀತಂದ್ರ
ತಲಿಮ್ಯಾಲ ಅರಳೆ ಧೂಳು ಹೊತ್ತು
ಗಲ್ಲ ಹಿಡಕೊಂಡು ಸಾಲು ಹಚ್ಚೋರು ಮಂದಿ.
ಹೌ ಬಾಯಿ ಕನ್ನಡ ಕಲಿತದ್ದು ಅಲ್ಲೇ:
ಬಾಯಿ ತೆಗಿ.
ನೋಯ್ತದೇನು?
ಉಗುಳು.
ಮೂರು ಮಾತಿನ್ಯಾಗ ಐವತ್ತು ವರ್ಷದ ಬಾಳೇವು.

ಗಂಡ ಹೋದ. ಮಿಲ್ಲು ಮುಚ್ಚಿದ್ವು.
ಯಾವುದು ಮೊದಲು, ಯಾವುದು ಆಮ್ಯಾಲ, ನನಗ ನೆನಪಿಲ್ಲ.
ಕಲಕತ್ತಾದಾಗ ಒಬ್ಬಾಕಿ ಇದ್ಲಂತ, ಈಕೀ ಮಾತು ಬಲ್ಲಾಕಿ.
ಐತವಾರಕ್ಕೊಮ್ಮೆ ಎಸ್‌ಟಿಡಿ ಬೂತಿನ ಗಾಜಿನ ಬಾಗಿಲ ಹಾಕ್ಕೊಂಡು
ಹೌ ಬಾಯಿ ನಗತಿದ್ದದ್ದು ಕಂಡವರದಾರ.
ಆಮ್ಯಾಲ ಆ ನಂಬರಿಗೆ ಬರೇ ರಿಂಗು.
ಅದನ್ನೂ ಒಂದಷ್ಟು ಐತವಾರ ಕೇಳಿಸಿಕೊಂಡ್ಲು.
ರಿಂಗಿಗೆ ರೊಕ್ಕ ಬೀಳೂದಿಲ್ಲಲ್ಲ.

ಒಂದು ವರ್ಷ ಮ್ಯಾಲಿಂದ ಕಾಗದ ಬಂತು:
ಈಕಿ ಇನ್ನ ಬರೂದು ಬ್ಯಾಡ, ಈಕಿ ಇಲ್ಲಿಯಾಕೀನೇ.
ಸಿಹಿ ಸುದ್ದಿ ಅಂತ ನಾ ಪೇಢಾ ತರಸಿದೆ.
ಪೇಢಾ ಕರ್ಚೀಫಿನ್ಯಾಗ ಕಟ್ಟಿಕೊಂಡು, ಅರ್ಧಾಮರ್ಧಾ ಮರಾಠಿಯೊಳಗ,
ಮುಂದಿನ ವರ್ಷ ಯಾವ ತಾರೀಖು, ಅಂದ್ಲು.
ತಾರೀಖು ಇಲ್ಲ ಬಾಯಿ, ಮುಗೀತು.
ಮತ್ತ ಯಾರು ಕೇಳ್ತಾರ, ಅಂದ್ಲು.
ಮುಂದಿನ ವರ್ಷ ಅದೇ ತಾರೀಖಿಗೆ
ಛತ್ರಿ, ಫೋಟೋ ಸಮೇತ ಬೆಂಚಿನ ಮ್ಯಾಲ ಕೂತಿದ್ಲು.

ಈಗ ನನ್ನದೂ ಪೆನ್ಶನ್ನು.
ತಿಂಗಳಿಗೊಮ್ಮೆ ಆಕೀ ಮಾಳಿಗಿ ಮೆಟ್ಟಲಾ ಏರ್ತೇನಿ,
ಕಣ್ಣಾ ಚೌಕಿನ ಅಂಗಡಿಯ ನಲವತ್ತು ರೂಪಾಯಿ ವಹಿ,
ಗೀಟು ನಾನೇ ಹಾಕೀನಿ.
ಇದು ಕಾನೂನಲ್ಲ. ಆಕಿಗೂ ಗೊತ್ತದ.
ಆದ್ರೂ ಚಷ್ಮಾ ಹುಡುಕಿ, ಒರಸಿ, ಬೆನ್ನು ನೆಟ್ಟಗ ಮಾಡಿ ಸಹಿ ಹಾಕ್ತಾಳ.
ಆಮ್ಯಾಲ ಚಾ. ಸಕ್ಕರಿ ಭಾಳ.

ಹೋದ ತಿಂಗಳು ಕಪಾಟು ತೆಗೆದ್ಲು.
ಪ್ಲಾಸ್ಟರಿನ ದವಡಿಗಳು, ಮುನ್ನೂರರ ಮ್ಯಾಲ ಇದ್ದಾವು,
ನೇಕಾರರವು, ಟಾಂಗಾದವರವು, ವಕೀಲರವು,
ಊರಿಗೂರೇ ಬಾಯಿ ತೆಗೆದು ಕೂತದ, ಒಂದಕ್ಕೂ ನಾಲಿಗಿ ಇಲ್ಲ.
ರಾತ್ರಿ ಇವರ ಜೋಡಿ ಮಾತಾಡ್ತೇನಿ, ಅಂದ್ಲು.
ಯಾವ ಭಾಷಾದಾಗ ಅಂತ ನಾ ಕೇಳಲಿಲ್ಲ.
ಒಂದನ್ನ ಸೆರಗಿಲೆ ಒರಸಿ ನನ್ನ ಮುಂದ ಇಟ್ಲು.
ಬುಡಕ್ಕ ಪೆನ್ಸಿಲಿನ ಬರಹ, ಆಕೀ ಗಂಡಂದು.
ಏನದ ಬಾಯಿ?
‘ಪೋಲೀಸ್. ಹನ್ನೆರಡು ರೂಪಾಯಿ ಬಾಕಿ.’

ಎಪ್ಪತ್ತೆಂಟರಾಗಿನ ನನ್ನ ದವಡಿ ಅದು.
ಖಾಕಿ ಮ್ಯಾಲಿದ್ದೆ. ರೊಕ್ಕಾ ಯಾರು ಕೇಳ್ತಾರ.
ಕಿಸೇಕ್ಕ ಕೈ ಹಾಕಿದೆ, ಆಕಿ ಕೈ ಅಡ್ಡ ತಂದ್ಲು,
ವಹಿ ಎಳಕೊಂಡು
ಷರಾದ ಕಾಲಮ್ಮಿನ್ಯಾಗ, ನಾ ಬರಿಯೋ ಜಾಗಾದಾಗ
ಏನೋ ಬರದ್ಲು, ಅವರ ಲಿಪಿಯೊಳಗ, ಸಣ್ಣದಾಗಿ.
ಹೇಳಲಿಲ್ಲ.

ಬಾಗಿಲಾ ದಾಟೋಮುಂದ ಕೇಳಬೇಕಂದೆ,
ಆಕೀ ಕನ್ನಡದಾಗೇ, ನೋಯ್ತದೇನು ಅಂತ.
ನನ್ನ ಬಾಯಿ ತೆಗೀಲಿಲ್ಲ.
ಕೆಳಗ ರಿಕ್ಷಾದಾಂವ ಸೀಟಿಗೆ ಕೂಗ್ತಿದ್ದ.
ಮುಂದಿನ ತಿಂಗಳು ಬರ್ತೇನಿ, ಅಂದೆ.
ತಾರೀಖು? ಅಂದ್ಲು.